ಯುಪಿಎಸ್ ನಿರ್ವಹಣಾ ತಂತ್ರಾಂಶದ ಭದ್ರತಾ ಲೋಪಗಳು: ಸದಸ್ಯರ ಮಾಹಿತಿಗಾಗಿ



ನಮ್ಮ ಸದಸ್ಯರಲ್ಲಿ ಅನೇಕರು ಗಡಿಯ ಊರುಗಳಲ್ಲಿ ಶಾಲೆ, ಸಹಕಾರ ಸಂಘ, ದವಾಖಾನೆ, ಮುದ್ರಣಾಲಯ, ಕಾರ್ಖಾನೆಗಳನ್ನು ನಡೆಸುತ್ತಿದ್ದೀರಿ, ಇಲ್ಲವೇ ಅಲ್ಲಿ ನೌಕರಿಯಲ್ಲಿದ್ದೀರಿ. ಕರೆಂಟು ಹೋದಾಗ ಕಂಪ್ಯೂಟರ್ ಆರದಿರಲಿ ಎಂದು ಇಟ್ಟ ಯುಪಿಎಸ್ ಪೆಟ್ಟಿಗೆ ಇವುಗಳಲ್ಲಿ ಒಂದಲ್ಲ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಅದರ ಬ್ಯಾಟರಿಯ ಬಗ್ಗೆ ಎಲ್ಲರಿಗೂ ಚಿಂತೆ. ಅದನ್ನು ದೂರದಿಂದ ನಡೆಸುವ ತಂತ್ರಾಂಶದ ಬಗ್ಗೆ ಯಾರೂ ಕೇಳುವುದಿಲ್ಲ. ಈ ಬಾರಿಯ ಮಾಹಿತಿ ಲೇಖನ ಅದರ ಕುರಿತು.

ಮೊದಲಿಗೆ ಒಂದು ಸಮಾಧಾನದ ಮಾತು. ಮನೆಯಲ್ಲಿ ಒಂದು ಕಂಪ್ಯೂಟರಿಗೆ ಇಟ್ಟುಕೊಂಡ ಸಣ್ಣ ಯುಪಿಎಸ್, ಫ್ಯಾನು ಬಲ್ಬಿಗೆಂದು ಹಾಕಿಸಿಕೊಂಡ ಸಾದಾ ಇನ್ವರ್ಟರ್, ಇವುಗಳಿಗೆ ಇಂಟರ್ನೆಟ್ ಸಂಪರ್ಕವೇ ಇಲ್ಲದಿದ್ದರೆ ಕೆಳಗೆ ಹೇಳುವ ಯಾವುದೂ ಅನ್ವಯಿಸುವುದಿಲ್ಲ. ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದ ದೊಡ್ಡ ಯುಪಿಎಸ್, ಅಥವಾ ಕಚೇರಿಯ ಕಂಪ್ಯೂಟರಿನಲ್ಲಿ ಅದರ ನಿರ್ವಹಣಾ ತಂತ್ರಾಂಶ ಇದ್ದವರು ಮಾತ್ರ ಪೂರ್ತಿ ಓದಬೇಕು.

ಈ ತಂತ್ರಾಂಶದ ಮೂಲ ಕೆಲಸ ಬಹಳ ಸಾತ್ವಿಕವಾದದ್ದು. ಕರೆಂಟು ಹೋಗಿ ಬ್ಯಾಟರಿ ಇಳಿಯತೊಡಗಿದಾಗ ಸರ್ವರ್‌ಗಳು ತೆರೆದಿಟ್ಟ ಕಡತಗಳನ್ನು ಉಳಿಸಿ, ಕ್ರಮವಾಗಿ ಮುಚ್ಚಿಕೊಳ್ಳುವಂತೆ ಆಜ್ಞೆ ಕೊಡುವುದು. ಥಟ್ಟನೆ ಆರಿದರೆ ಲೆಕ್ಕಪತ್ರ ಅರ್ಧಕ್ಕೆ ನಿಂತು ಹಾಳಾಗುತ್ತದೆ, ಅದಕ್ಕಾಗಿ ಈ ವ್ಯವಸ್ಥೆ. ಹತ್ತಾರು ಯುಪಿಎಸ್ ಇರುವ ಸಂಸ್ಥೆಯಲ್ಲಿ ಒಬ್ಬನೇ ಕುಳಿತು ಎಲ್ಲವನ್ನೂ ನೋಡಲಿ ಎಂದು ಕಂಪನಿಗಳು ಇದಕ್ಕೊಂದು ವೆಬ್ ಪುಟವನ್ನೂ ಜೋಡಿಸಿದವು. ಬ್ರೌಸರ್ ತೆರೆದು ಹೆಸರು, ಪಾಸ್‌ವರ್ಡ್ ಕೊಟ್ಟರೆ ಬ್ಯಾಟರಿ ಎಷ್ಟಿದೆ, ಎಷ್ಟು ಹೊತ್ತು ಬರುತ್ತದೆ ಎಂಬುದೆಲ್ಲ ಕಾಣುತ್ತದೆ. ಪಕ್ಕದಲ್ಲೇ ಇನ್ನೊಂದು ಗುಂಡಿಯೂ ಇರುತ್ತದೆ: ‘ಆರಿಸು’.

ಆ ಗುಂಡಿಯ ಅಧಿಕಾರ ಎಷ್ಟೆಂಬುದನ್ನು ನೋಡಿ. ಕಚೇರಿಯ ಒಂದೊಂದು ಕಂಪ್ಯೂಟರಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಬಹುದು, ವೈರಸ್ ತಡೆಯುವ ತಂತ್ರಾಂಶ ಇರಬಹುದು. ಅವೆಲ್ಲವನ್ನೂ ಒಟ್ಟಿಗೆ ಆರಿಸುವ ಹಕ್ಕು ಮಾತ್ರ ಈ ಒಂದು ಪುಟದ ಬಳಿ ಇದೆ. ಕೊಠಡಿಗಳಿಗೆಲ್ಲ ಭದ್ರವಾದ ಬೀಗ ಹಾಕಿ, ಮೇನ್ ಸ್ವಿಚ್ಚನ್ನು ಹೊರಗೋಡೆಯ ಮೇಲೆ ಬೀದಿಗೆ ಮುಖ ಮಾಡಿ ಇಟ್ಟಂತೆ.

ಉಕ್ರೇನಿನಲ್ಲಿ ನಡೆದದ್ದು

ಇದು ಬರೀ ಊಹೆಯ ಭಯವಲ್ಲ ಎಂಬುದಕ್ಕೆ 2015ರ ಡಿಸೆಂಬರ್ 23ರ ಘಟನೆ ಸಾಕ್ಷಿ. ಅಂದು ಮಧ್ಯಾಹ್ನ ಕಳೆದ ಮೇಲೆ ಉಕ್ರೇನ್ ದೇಶದ ಮೂರು ವಿದ್ಯುತ್ ವಿತರಣಾ ಕಂಪನಿಗಳ ಕಂಪ್ಯೂಟರುಗಳಿಗೆ ಹೊರಗಿನವರು ನುಗ್ಗಿ, ಉಪಕೇಂದ್ರಗಳ ಬ್ರೇಕರ್‌ಗಳನ್ನು ದೂರದಿಂದಲೇ ತೆಗೆದರು. ಚಳಿಗಾಲದ ಆ ಸಂಜೆ ಸುಮಾರು 2,25,000 ಗ್ರಾಹಕರಿಗೆ ಕರೆಂಟು ಹೋಯಿತು. ಇವಾನೊ-ಫ್ರಾಂಕಿವ್‌ಸ್ಕ್ ಪ್ರಾಂತ್ಯದ ನಿಯಂತ್ರಣ ಕೊಠಡಿಯ ನೌಕರರು ತಮ್ಮ ಕಣ್ಣೆದುರೇ ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡಿ ಬ್ರೇಕರ್ ತೆಗೆಯುವುದನ್ನು ನೋಡುತ್ತ ಕುಳಿತರು. ಮೌಸ್ ಅವರ ಕೈಯಲ್ಲೇ ಇತ್ತು, ಹತೋಟಿ ಇರಲಿಲ್ಲ.

ಇಷ್ಟು ಬಹಳ ಕಡೆ ಪ್ರಕಟವಾಗಿದೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇದರೊಳಗಿನ ಒಂದು ಸಣ್ಣ ಸಂಗತಿ. ದಾಳಿಕೋರರು ತಿಂಗಳುಗಟ್ಟಲೆ ಮೊದಲೇ ಒಳಗೆ ಸೇರಿಕೊಂಡಿದ್ದರು. ಇಮೇಲಿನಲ್ಲಿ ಬಂದ ಕಡತವೊಂದನ್ನು ನೌಕರರು ತೆರೆದದ್ದೇ ಅವರಿಗೆ ಬಾಗಿಲಾಗಿತ್ತು. ಒಳಗೆ ಓಡಾಡುವಾಗ ಸರ್ವರ್‌ಗಳ ಯುಪಿಎಸ್‌ನ ನಿರ್ವಹಣಾ ಪುಟ ಅವರ ಕಣ್ಣಿಗೆ ಬಿತ್ತು. ಕರೆಂಟು ತೆಗೆಯುವ ಹೊತ್ತಿಗೇ ಯುಪಿಎಸ್ ಕೂಡ ಆರುವಂತೆ ಅದರಲ್ಲಿ ಮುಂಚಿತವಾಗಿ ವೇಳೆ ಗೊತ್ತುಮಾಡಿಟ್ಟರು. ಊರಿನ ದೀಪ ಆರಿದಾಗ ಅದನ್ನು ಸರಿಪಡಿಸಬೇಕಾದವರೂ ಕತ್ತಲೆಯಲ್ಲಿ ಕೂರಬೇಕು ಎಂಬುದು ಲೆಕ್ಕಾಚಾರ. ಅಮೆರಿಕದ ತನಿಖಾ ವರದಿಯಲ್ಲಿ ಈ ಯುಪಿಎಸ್ ಸಂಗತಿ ಸ್ಪಷ್ಟವಾಗಿ ದಾಖಲಾಗಿದೆ. ಸಾಲದ್ದಕ್ಕೆ ಗ್ರಾಹಕರು ದೂರು ಕೊಡದಂತೆ ಕಂಪನಿಯ ದೂರವಾಣಿಗೆ ಸುಳ್ಳು ಕರೆಗಳ ಸುರಿಮಳೆಯಾಯಿತು.

ಕೊನೆಗೆ ಸಿಬ್ಬಂದಿ ವಾಹನ ಹತ್ತಿ ಉಪಕೇಂದ್ರಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದರು. ಒಂದರಿಂದ ಆರು ಗಂಟೆಯೊಳಗೆ ಕರೆಂಟು ಬಂತು. ಹಳೆಯ ಕೈಕೆಲಸದ ಪದ್ಧತಿ ಅಲ್ಲಿ ಇನ್ನೂ ಉಳಿದಿದ್ದರಿಂದ ಅವರು ಬಚಾವಾದರು ಎಂಬುದು ನಮ್ಮ ಅಭಿಪ್ರಾಯ.

ಈ ಪ್ರಕರಣದಲ್ಲಿ ಯುಪಿಎಸ್ ತಂತ್ರಾಂಶ ಒಡೆಯಬೇಕಾದ ಬೀಗವೇನೂ ಆಗಿರಲಿಲ್ಲ. ಒಳಗೆ ಬಂದವರ ಕೈಗೆ ಸಿಕ್ಕ ಇನ್ನೊಂದು ಆಯುಧವಾಯಿತು, ಅಷ್ಟೆ. ಅದಾದ ಮೇಲಿನ ವರ್ಷಗಳಲ್ಲಿ ಸಂಶೋಧಕರು ಹುಡುಕಿದಾಗ ಆ ಪುಟಗಳಲ್ಲೇ ಲೋಪಗಳು ಸಾಲುಸಾಲಾಗಿ ಸಿಕ್ಕವು.

ಲೋಪಗಳು ಯಾವ ಬಗೆಯವು

ಇಂಗ್ಲಿಷಿನ ‘ವಲ್ನರಬಿಲಿಟಿ’ಗೆ ಪತ್ರಿಕೆಗಳು ದುರ್ಬಲತೆ, ದೋಷ ಎಂದೆಲ್ಲ ಬರೆಯುತ್ತವೆ. ನಾವು ‘ಲೋಪ’ ಎನ್ನುತ್ತೇವೆ. ಲೆಕ್ಕ ತಪಾಸಣೆಯವರು ಕಡತದ ಅಂಚಿನಲ್ಲಿ ಬರೆಯುತ್ತಿದ್ದ ಪದ ಅದು. ಗುಮಾಸ್ತಿಕೆ ಮಾಡಿದವರಿಗೆ ಅದರ ತೂಕ ಗೊತ್ತು. ಪತ್ತೆಯಾದ ಪ್ರತಿ ಲೋಪಕ್ಕೂ 1999ರಿಂದ ‘ಸಿವಿಇ’ ಎಂಬ ಕ್ರಮಸಂಖ್ಯೆ ಕೊಡುವ ಪದ್ಧತಿ ಇದೆ, ನಮ್ಮ ಆವಕ ರಿಜಿಸ್ಟರಿನ ನಂಬರಿನ ಹಾಗೆ. ಸಂಖ್ಯೆಯ ಮೊದಲ ಭಾಗ ಇಸವಿ. ಎಷ್ಟು ಗಂಭೀರ ಎಂಬುದಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕವನ್ನೂ ಕೊಡುತ್ತಾರೆ.

ಮೊದಲನೆಯ ಬಗೆ, ತಂತ್ರಾಂಶದ ಒಳಗೇ ಬರೆದಿಟ್ಟ ಪಾಸ್‌ವರ್ಡ್. ಬೀಗದ ಕಂಪನಿಯವನು ತನ್ನ ಅನುಕೂಲಕ್ಕೆಂದು ಎಲ್ಲ ಬೀಗಕ್ಕೂ ಹೊಂದುವ ಒಂದು ಕೈಯನ್ನು ಮಾಡಿಟ್ಟುಕೊಂಡ ಹಾಗೆ. ನೀವು ನಿಮ್ಮ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಆ ಕೈ ಕೆಲಸ ಮಾಡುತ್ತಲೇ ಇರುತ್ತದೆ. 2023ರ ಆಗಸ್ಟಿನಲ್ಲಿ ಟ್ರೆಲಿಕ್ಸ್ ಸಂಸ್ಥೆಯ ಸಂಶೋಧಕರು ಸೈಬರ್‌ಪವರ್ ಕಂಪನಿಯ ‘ಪವರ್‌ಪ್ಯಾನಲ್ ಎಂಟರ್‌ಪ್ರೈಸ್’ ತಂತ್ರಾಂಶದಲ್ಲಿ ನಾಲ್ಕು ಲೋಪ ಪ್ರಕಟಿಸಿದರು. ಅದರಲ್ಲಿ ಸಿವಿಇ-2023-3264 ಇಂಥದ್ದೇ. ಇನ್ನೆರಡು ಲಾಗಿನ್ ಪರಿಶೀಲನೆಯನ್ನೇ ತಪ್ಪಿಸಿ ಒಳಹೋಗುವ ದಾರಿಗಳು. ನಾಲ್ಕನೆಯದು, ಒಳಹೋದವರು ಆ ಯಂತ್ರದ ಮೇಲೆ ತಮಗೆ ಬೇಕಾದ ಆಜ್ಞೆ ನಡೆಸಲು ಬಿಡುವಂಥದ್ದು. ಬಿಡಿಬಿಡಿಯಾಗಿ ಇವು ಸಣ್ಣವೆನಿಸಬಹುದು. ಒಂದರ ಹಿಂದೆ ಒಂದು ಪೋಣಿಸಿದರೆ ಬೀದಿಯಲ್ಲಿ ನಿಂತವನು ಯಜಮಾನನಾಗುತ್ತಾನೆ. ಕಂಪನಿ 2.6.9ನೇ ಆವೃತ್ತಿಯಲ್ಲಿ ಇವನ್ನು ಸರಿಪಡಿಸಿತು.

ಎರಡನೆಯ ಬಗೆ, ಬರೆದದ್ದನ್ನು ಆಜ್ಞೆಯೆಂದು ತಿಳಿಯುವುದು. ಅರ್ಜಿ ನಮೂನೆಯ ‘ಹೆಸರು’ ಕಲಮಿನಲ್ಲಿ ಒಬ್ಬ ತನ್ನ ಹೆಸರಿನ ಬದಲು ‘ಈ ರಿಜಿಸ್ಟರಿನ ಎಲ್ಲ ಹೆಸರು ಹೊಡೆದುಹಾಕಿ’ ಎಂದು ಬರೆದುಕೊಟ್ಟ ಎಂದುಕೊಳ್ಳಿ. ಯಾವ ಗುಮಾಸ್ತನೂ ಅದನ್ನು ಪಾಲಿಸಲಾರ. ಅರ್ಜಿ ವಾಪಸು ಮುಖಕ್ಕೆ ಬರುತ್ತದೆ. ಕೆಲವು ತಂತ್ರಾಂಶಗಳು ಪಾಲಿಸುತ್ತವೆ. ಈಟನ್ ಕಂಪನಿಯ ‘ಇಂಟೆಲಿಜೆಂಟ್ ಪವರ್ ಮ್ಯಾನೇಜರ್’ನಲ್ಲಿ 2021ರ ಏಪ್ರಿಲಿನಲ್ಲಿ ಪ್ರಕಟವಾದ ಆರು ಲೋಪಗಳು, ಅಂದರೆ ಸಿವಿಇ-2021-23276ರಿಂದ 23281ರವರೆಗೆ, ಈ ಜಾತಿಗೂ ಇದರ ನೆಂಟರಿಗೂ ಸೇರಿದವು. ಡೇಟಾಬೇಸಿಗೆ ಹೋಗುವ ಪ್ರಶ್ನೆಯಲ್ಲಿ ಬೇರೆ ಆಜ್ಞೆ ತೂರಿಸುವುದು ಒಂದು, ಕಡತಗಳನ್ನು ಅಳಿಸುವುದು ಇನ್ನೊಂದು, ಬೇಡದ ಕಡತವನ್ನು ಒಳಗೆ ಏರಿಸುವುದು ಮತ್ತೊಂದು. ಆರರಲ್ಲಿ ಕೆಲವಕ್ಕೆ ಲಾಗಿನ್ ಕೂಡ ಬೇಕಿರಲಿಲ್ಲ. 1.69ನೇ ಆವೃತ್ತಿಯಲ್ಲಿ ತಿದ್ದುಪಡಿ ಬಂತು. ತಕ್ಷಣ ಹೊಸ ಆವೃತ್ತಿ ಹಾಕಿಕೊಳ್ಳಲಾಗದವರು 4679 ಮತ್ತು 4680ನೇ ಪೋರ್ಟುಗಳನ್ನು ಮುಚ್ಚಬೇಕೆಂದು ಕಂಪನಿಯೇ ತಿಳಿಸಿತ್ತು. ಆ ಎರಡು ಸಂಖ್ಯೆಗಳನ್ನು ಗುರುತು ಹಾಕಿಕೊಂಡಿರಿ.

ಮೂರನೆಯದು, ಕೇಳಬೇಕಾದಲ್ಲಿ ಗುರುತಿನ ಚೀಟಿಯನ್ನೇ ಕೇಳದಿರುವುದು. ಷ್ನೈಡರ್ ಎಲೆಕ್ಟ್ರಿಕ್ ಕಂಪನಿಯ ಎಪಿಸಿ ‘ಈಸಿ ಯುಪಿಎಸ್ ಆನ್‌ಲೈನ್ ಮಾನಿಟರಿಂಗ್’ ತಂತ್ರಾಂಶದ ಬಗ್ಗೆ 2023ರ ಏಪ್ರಿಲಿನಲ್ಲಿ ಹೊರಬಿದ್ದ ಸಿವಿಇ-2023-29411ಕ್ಕೆ ಹತ್ತಕ್ಕೆ 9.8 ಅಂಕ. ನಿರ್ವಾಹಕನ ಪಾಸ್‌ವರ್ಡನ್ನು ಹಳೆಯ ಪಾಸ್‌ವರ್ಡ್ ಗೊತ್ತಿಲ್ಲದವನೂ ಬದಲಿಸಿಬಿಡಬಹುದಿತ್ತು. ಜೊತೆಗೆ ಬಂದ 29412ರ ಮೂಲ ಇನ್ನೂ ವಿಚಿತ್ರ: ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ವ್ಯತ್ಯಾಸವನ್ನು ಸರಿಯಾಗಿ ನೋಡದಿದ್ದದ್ದು. ಕನ್ನಡದಲ್ಲಿ ಆ ಭೇದವೇ ಇಲ್ಲವಲ್ಲ ಎಂದು ನಮ್ಮ ಸಮಿತಿಯಲ್ಲಿ ಒಬ್ಬರು ನಕ್ಕರು. ಅದಕ್ಕೂ 9.8 ಅಂಕ ಎಂದಾಗ ನಗು ನಿಂತಿತು.

ಕೆಲವು ಲೋಪಗಳು ತಂತ್ರಾಂಶದವರದ್ದೇ ಅಲ್ಲ, ಎರವಲು ತಂದ ಸಾಮಾನಿನದ್ದು. 2021ರ ಡಿಸೆಂಬರಿನಲ್ಲಿ ಜಾವಾ ಭಾಷೆಯ ‘ಲಾಗ್‌4ಜೆ’ ಎಂಬ ಸಿದ್ಧ ಭಾಗದಲ್ಲಿ ದೊಡ್ಡ ಲೋಪ ಕಂಡುಬಂದು ಜಗತ್ತೇ ತಲ್ಲಣಿಸಿತಲ್ಲ, ಅದು ಎಪಿಸಿಯ ‘ಪವರ್‌ಚ್ಯೂಟ್’ ಒಳಗೂ ಇತ್ತು. ಯುಪಿಎಸ್ ತಂತ್ರಾಂಶ ನಮ್ಮಲ್ಲಿದೆ ಎಂಬುದನ್ನೇ ಮರೆತವರು ಅದರೊಳಗಿನ ಲಾಗ್‌4ಜೆಯನ್ನು ಹುಡುಕುವುದೆಲ್ಲಿಂದ?

ಪೆಟ್ಟಿಗೆಗೇ ಬೆಂಕಿ

ಇಲ್ಲಿಯವರೆಗೆ ಕಂಪ್ಯೂಟರಿನ ಮಾತಾಯಿತು. 2022ರ ಮಾರ್ಚಿನಲ್ಲಿ ಆರ್ಮಿಸ್ ಸಂಸ್ಥೆಯವರು ‘ಟಿಎಲ್‌ಎಸ್‌ಸ್ಟಾರ್ಮ್’ ಎಂಬ ಹೆಸರಿನಲ್ಲಿ ಎಪಿಸಿ ಸ್ಮಾರ್ಟ್-ಯುಪಿಎಸ್‌ನ ಮೂರು ಲೋಪಗಳನ್ನು ಬಯಲು ಮಾಡಿದರು. ಎರಡು ಲೋಪಗಳು ಯುಪಿಎಸ್ ಮತ್ತು ಕಂಪನಿಯ ಸರ್ವರ್ ನಡುವಿನ ಗುಪ್ತ ಸಂಭಾಷಣೆಗೆ ಸಂಬಂಧಿಸಿದವು. ಮೂರನೆಯದು, ಸಿವಿಇ-2022-0715, ನಮ್ಮ ಮಟ್ಟಿಗೆ ಮನದಟ್ಟಾಗುವಂಥದ್ದು. ಯಂತ್ರದ ಒಳಗಿನ ಮೂಲ ಕಾರ್ಯಕ್ರಮಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಹೊಸ ಫರ್ಮ್‌ವೇರ್ ಬಂದಾಗ ಅದು ಕಂಪನಿಯದ್ದೇ ಎಂಬುದಕ್ಕೆ ಸಹಿ ಇದೆಯೇ ಎಂದು ಯಂತ್ರ ಸರಿಯಾಗಿ ನೋಡುತ್ತಿರಲಿಲ್ಲ. ಸಹಿ ಮೊಹರು ಇಲ್ಲದ ಆದೇಶವನ್ನು ಜಾರಿ ಮಾಡಿದಂತಾಯಿತು.

ಪ್ರಯೋಗಶಾಲೆಯಲ್ಲಿ ಆ ಸಂಶೋಧಕರು ತಮ್ಮದೇ ಯುಪಿಎಸ್‌ನ ರಕ್ಷಣಾ ಮಿತಿಯನ್ನು ತಂತ್ರಾಂಶದ ಮೂಲಕ ತಪ್ಪಿಸಿ, ಒಳಗಿನ ಕೆಪಾಸಿಟರ್ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯುವಂತೆ ಮಾಡಿದರು. ಅದು ಸಿಡಿದು ಹೊಗೆ ಎದ್ದು ಯಂತ್ರ ನಿರುಪಯುಕ್ತವಾಯಿತು. ಯುಪಿಎಸ್ ಎಂದರೆ ಮೇಜಿನ ಕೆಳಗಿನ ನಿರುಪದ್ರವಿ ಎಂದುಕೊಂಡವರು ಇದನ್ನು ಗಮನಿಸಬೇಕು. ಒಳಗಿರುವುದು ಬ್ಯಾಟರಿ, ಹೆಚ್ಚಿನ ವೋಲ್ಟೇಜು, ಬಿಸಿ. ಅವುಗಳನ್ನು ಹತೋಟಿಯಲ್ಲಿಡುವ ಕೆಲಸವೂ ಈಗ ತಂತ್ರಾಂಶದ ಪಾಲಿಗೆ ಬಂದಿದೆ.

ಅದೇ ತಿಂಗಳ 29ರಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆಯಾದ ಸಿಸಾ, ಅಲ್ಲಿನ ಇಂಧನ ಇಲಾಖೆಯ ಜೊತೆ ಸೇರಿ ಒಂದು ಸೂಚನೆ ಹೊರಡಿಸಿತು. ಇಂಟರ್ನೆಟ್‌ಗೆ ಸೇರಿಸಿದ ಯುಪಿಎಸ್‌ಗಳಿಗೆ ದುಷ್ಕರ್ಮಿಗಳು ನುಗ್ಗುತ್ತಿದ್ದಾರೆ, ಬಹಳ ಸಲ ಕಂಪನಿ ಕೊಟ್ಟ ಹೆಸರು, ಪಾಸ್‌ವರ್ಡ್ ಬದಲಿಸದೆ ಬಿಟ್ಟದ್ದೇ ಅವರಿಗೆ ದಾರಿ ಎಂಬುದು ಅದರ ಸಾರ. ಮೇಲೆ ಹೇಳಿದ ಜಾಣತನದ ಲೋಪಗಳು ಯಾವುವೂ ಬೇಕಾಗಿಲ್ಲ! ಕೆಲವು ಹಳೆಯ ಯುಪಿಎಸ್ ಕಾರ್ಡುಗಳಲ್ಲಿ ಹೆಸರಿನ ಜಾಗಕ್ಕೂ ಪಾಸ್‌ವರ್ಡಿನ ಜಾಗಕ್ಕೂ ಒಂದೇ ಪದ ಇರುತ್ತಿತ್ತು. ಯಂತ್ರಗಳು ಪರಸ್ಪರ ಮಾಹಿತಿ ಕೇಳುವ ‘ಎಸ್‌ಎನ್‌ಎಂಪಿ’ ಎಂಬ ಪದ್ಧತಿಯಲ್ಲಿ ವಾಡಿಕೆಯ ಗುಟ್ಟಿನ ಪದ ಯಾವುದು ಗೊತ್ತೇ? ‘ಪಬ್ಲಿಕ್’.

ಹೊರಗೆ ನಿಂತರೂ ಒಳಗೆ

‘ನಮ್ಮ ಯುಪಿಎಸ್ ನೇರವಾಗಿ ಇಂಟರ್ನೆಟ್‌ನಲ್ಲಿ ಇಲ್ಲ, ರೂಟರಿನ ಹಿಂದಿದೆ’ ಎಂದು ಹೊಸೂರಿನ ಕಾರ್ಖಾನೆಯೊಂದರಲ್ಲಿರುವ ಸದಸ್ಯರೊಬ್ಬರು ಹೇಳಿದರು. ಒಳ್ಳೆಯದೇ. ಆದರೆ ಅಷ್ಟರಿಂದಲೇ ನಿಶ್ಚಿಂತೆಯಾಗಿ ಕೂರುವಂತಿಲ್ಲ. ಡೇಟಾಪ್ರೋಬ್ ಕಂಪನಿಯ ‘ಐಬೂಟ್-ಪಿಡಿಯು’ ಎಂಬ ಸಾಧನವಿದೆ. ಅದು ಸರ್ವರ್‌ಗಳಿಗೆ ವಿದ್ಯುತ್ ಹಂಚುವ, ಒಂದೊಂದು ಪ್ಲಗ್ಗನ್ನೂ ದೂರದಿಂದ ಆರಿಸಿ ಹಚ್ಚಬಹುದಾದ ಪಟ್ಟಿ. 2022ರ ಸೆಪ್ಟೆಂಬರಿನಲ್ಲಿ ಕ್ಲಾರೊಟಿ ಸಂಸ್ಥೆಯವರು ಅದರ ಲೋಪಗಳನ್ನು ಪ್ರಕಟಿಸಿದಾಗ, ರೂಟರಿನ ಹಿಂದೆ ಅಡಗಿದ ಸಾಧನಗಳನ್ನೂ ಕಂಪನಿಯ ಕ್ಲೌಡ್ ಸೇವೆಯ ದಾರಿಯಲ್ಲಿ ತಲುಪಬಹುದು ಎಂದು ತೋರಿಸಿದರು. ಮುಂಬಾಗಿಲು ಭದ್ರ, ಹಿತ್ತಲ ಬಾಗಿಲಿಗೆ ಕಂಪನಿಯವರದ್ದೇ ಅಗುಳಿ.

ಮನೆಯ ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸಿಕೊಂಡವರಿಗೂ ಇದು ಸಂಬಂಧಿಸಿದ್ದು. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ 2024ರಲ್ಲಿ ಬಂದ ಮೇಲೆ ನಮ್ಮ ಸದಸ್ಯರಲ್ಲೂ ಫಲಕ ಹಾಕಿಸಿದವರಿದ್ದಾರೆ. ಅದರ ಇನ್ವರ್ಟರ್ ವೈಫೈ ಮೂಲಕ ಕಂಪನಿಯ ಸರ್ವರ್‌ಗೆ ವರದಿ ಒಪ್ಪಿಸುತ್ತದೆ, ನೀವು ಮೊಬೈಲಿನಲ್ಲಿ ಯೂನಿಟ್ ನೋಡುತ್ತೀರಿ. ಸನ್‌ಗ್ರೋ, ಗ್ರೋವಾಟ್, ಎಸ್‌ಎಂಎ ಎಂಬ ಮೂರು ಕಂಪನಿಗಳ ಸೌರ ವ್ಯವಸ್ಥೆಗಳಲ್ಲಿ 46 ಹೊಸ ಲೋಪಗಳನ್ನು ಫೋರ್‌ಸ್ಕೌಟ್ ಸಂಸ್ಥೆ 2025ರ ಮಾರ್ಚಿನಲ್ಲಿ ಪ್ರಕಟಿಸಿತು. ಕಂಪನಿಗಳು ತಿದ್ದುಪಡಿ ಮಾಡಿವೆ. ನಿಮ್ಮ ಮೊಬೈಲ್ ಆ್ಯಪ್‌ನ ಪಾಸ್‌ವರ್ಡ್ ಅಳವಡಿಸಿದ ಹುಡುಗನೇ ಇಟ್ಟುಹೋದದ್ದಾಗಿದ್ದರೆ ಈ ವಾರವೇ ಬದಲಿಸಿ.

ನಾವು ಮಾಡಬಹುದಾದದ್ದು

ಯುಪಿಎಸ್‌ನ ಹಿಂಭಾಗ ನೋಡಿ. ಟೆಲಿಫೋನ್ ತಂತಿಯಂಥ, ಅದಕ್ಕಿಂತ ಸ್ವಲ್ಪ ದಪ್ಪನೆಯ ಕೇಬಲ್ ಅಲ್ಲಿ ಸಿಕ್ಕಿಸಿದ್ದರೆ ಅದರೊಳಗೆ ನೆಟ್‌ವರ್ಕ್ ಕಾರ್ಡ್ ಇದೆ. ಅದನ್ನು ಯಾರಾದರೂ ದೂರದಿಂದ ನೋಡುತ್ತಿದ್ದಾರೆಯೇ ಎಂದು ಕಚೇರಿಯಲ್ಲಿ ವಿಚಾರಿಸಿ. ಯಾರೂ ಇಲ್ಲವೆಂದಾದರೆ ಕೇಬಲ್ ತೆಗೆಯಬಹುದು. ಬ್ಯಾಟರಿ ಬ್ಯಾಕಪ್ಪಿಗೆ ಏನೂ ಆಗುವುದಿಲ್ಲ. ಒಂದೇ ಎಚ್ಚರಿಕೆ: ಕರೆಂಟು ಹೋದಾಗ ಸರ್ವರ್ ಕ್ರಮವಾಗಿ ಮುಚ್ಚಿಕೊಳ್ಳುವುದು ಅದೇ ಕೇಬಲಿನ ಮೂಲಕ ಆಗುತ್ತಿದ್ದರೆ ತೆಗೆಯಬಾರದು. ಇದನ್ನು ಕೇಳಿಕೊಂಡೇ ಮುಂದುವರಿಯಿರಿ.

ಕೇಬಲ್ ಬೇಕೇ ಬೇಕೆಂದಿದ್ದರೆ, ಆ ಪುಟ ಕಚೇರಿಯ ಒಳಗಿನ ಜಾಲದಲ್ಲಿ ಮಾತ್ರ ತೆರೆಯುವಂತಿರಬೇಕು. ರೂಟರಿನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಎಂಬ ಭಾಗವಿದೆ. ಮನೆಯಿಂದ ನೋಡಲೆಂದು ಯಾರಾದರೂ ಅಲ್ಲಿ ಯುಪಿಎಸ್‌ಗೆ ದಾರಿ ಬಿಟ್ಟಿದ್ದರೆ ಮುಚ್ಚಿಸಿ. ಹೊರಗಿನಿಂದ ನೋಡಲೇಬೇಕಾದವರಿಗೆ ವಿಪಿಎನ್ ಎಂಬ ಖಾಸಗಿ ದಾರಿ ಇದೆ, ಸಿಸಾ ಸೂಚನೆಯೂ ಅದನ್ನೇ ಹೇಳುತ್ತದೆ. ಅತಿಥಿಗಳಿಗೆ ಕೊಡುವ ವೈಫೈ ಮತ್ತು ಯುಪಿಎಸ್ ಒಂದೇ ಜಾಲದಲ್ಲಿರುವುದು ಬೇಡ. ಶಾಲೆಗಳವರು ಇದನ್ನು ವಿಶೇಷವಾಗಿ ನೋಡಿ, ಮಕ್ಕಳು ನಮಗಿಂತ ಚುರುಕು.

ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ ಹೊಸದನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮೇಲೆ ಇಬ್ಬರ ಸಹಿ ಮಾಡಿ ಬೀರುವಿನಲ್ಲಿಡಿ. ಹಳೆಯ ಪದ್ಧತಿ ಎಂದು ನಗಬೇಡಿ. ಮಾನಿಟರಿಗೆ ಚೀಟಿ ಅಂಟಿಸುವುದಕ್ಕಿಂತ ಇದು ಎಷ್ಟೋ ಮೇಲು. ವಾರ್ಷಿಕ ನಿರ್ವಹಣೆಯ ಗುತ್ತಿಗೆ ಒಬ್ಬರಿಂದ ಇನ್ನೊಬ್ಬರಿಗೆ ಹೋದ ದಿನವೇ ಪಾಸ್‌ವರ್ಡೂ ಬದಲಾಗಬೇಕು. ಯುಪಿಎಸ್ ಪುಟ ನೋಡಿದ ಮೇಲೆ ಲಾಗ್‌ಔಟ್ ಮಾಡಿಯೇ ಬೇರೆ ಜಾಲತಾಣಕ್ಕೆ ಹೋಗಿ. ತೆರೆದಿಟ್ಟ ಪುಟದ ಹೆಸರಿನಲ್ಲಿ ಇನ್ನೊಂದು ಜಾಲತಾಣ ಗುಟ್ಟಾಗಿ ಆಜ್ಞೆ ಕಳಿಸುವ ಲೋಪವೂ ಇಂಥ ತಂತ್ರಾಂಶಗಳಲ್ಲಿ ಸಿಕ್ಕಿರುವುದುಂಟು.

ಕಚೇರಿಯ ಕಂಪ್ಯೂಟರಿನಲ್ಲಿ ಪವರ್‌ಚ್ಯೂಟ್, ಪವರ್‌ಪ್ಯಾನಲ್, ಇಂಟೆಲಿಜೆಂಟ್ ಪವರ್ ಮ್ಯಾನೇಜರ್ ಇಂಥ ಹೆಸರು ಇದೆಯೇ ನೋಡಿ, ಆವೃತ್ತಿ ಸಂಖ್ಯೆಯನ್ನು ದಾಸ್ತಾನು ಪುಸ್ತಕದಲ್ಲಿ ಬರೆದಿಡಿ. ಕುರ್ಚಿ ಮೇಜಿಗೆ ನಂಬರು ಬರೆಯುವ ನಾವು ತಂತ್ರಾಂಶವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೊಸ ಆವೃತ್ತಿಯನ್ನು ಕಂಪನಿಯ ಸ್ವಂತ ಜಾಲತಾಣದಿಂದ ಮಾತ್ರ ಇಳಿಸಿಕೊಳ್ಳಿ. ಯಾರೋ ಪೆನ್‌ಡ್ರೈವಿನಲ್ಲಿ ತಂದದ್ದು ಬೇಡ. ಫರ್ಮ್‌ವೇರ್ ಬದಲಿಸುವ ದಿನ ಕರೆಂಟು ಖಾತ್ರಿ ಇರಬೇಕು, ಸರ್ವರ್‌ಗಳನ್ನು ಮೊದಲೇ ಮುಚ್ಚಿರಬೇಕು. ನಿಮ್ಮೂರಿನಲ್ಲಿ ಲೈನ್ ದುರಸ್ತಿಗೆ ಕರೆಂಟು ತೆಗೆಯುವ ದಿನವನ್ನು ನೋಡಿಕೊಂಡು ಬೇರೆ ದಿನ ಇಟ್ಟುಕೊಳ್ಳಿ.

ಏನಾದರೂ ಆಗಿಯೇಬಿಟ್ಟರೆ, ಅಂದರೆ ಯಾರೂ ಮುಟ್ಟದೆ ಯುಪಿಎಸ್ ಆರಿದರೆ, ಪಾಸ್‌ವರ್ಡ್ ತಾನಾಗಿ ಬದಲಾಗಿದ್ದರೆ, ಮೊದಲು ಆ ನೆಟ್‌ವರ್ಕ್ ಕೇಬಲ್ ತೆಗೆಯಿರಿ. ಯಂತ್ರದ ದಾಖಲೆ ಅಳಿಸಬೇಡಿ, ವೇಳೆಯನ್ನು ಬರೆದಿಡಿ. ಗಡಿಯವರಾದ ನಮಗೆ ಯಾವ ರಾಜ್ಯದ ಯಾವ ಕಚೇರಿಗೆ ಹೋಗಬೇಕೆಂಬ ತಾಪತ್ರಯ ಎಲ್ಲದಕ್ಕೂ ಇದೆ, ಇದಕ್ಕಿಲ್ಲ. ಕೇಂದ್ರ ಸರ್ಕಾರದ ‘ಸರ್ಟ್-ಇನ್’ ಎಂಬ ಸಂಸ್ಥೆ ಇಡೀ ದೇಶಕ್ಕೆ ಒಂದೇ. ಕಾಸರಗೋಡಿನವರಿಗೂ ಅದೇ, ಅಕ್ಕಲಕೋಟೆಯವರಿಗೂ ಅದೇ, ಆದೋನಿಯವರಿಗೂ ಅದೇ. ಅದರ ಉಚಿತ ದೂರವಾಣಿ 1800-11-4949. 2022ರ ಏಪ್ರಿಲ್ 28ರ ಅದರ ನಿರ್ದೇಶನದ ಪ್ರಕಾರ, ಸಂಸ್ಥೆಗಳು ಇಂಥ ಘಟನೆಯನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕು. ಹಣವೂ ಹೋಗಿದ್ದರೆ 1930ಕ್ಕೆ ಕರೆ ಮಾಡಿ.

ಯುಪಿಎಸ್ ಕೈಪಿಡಿಗಳು ಇಂಗ್ಲಿಷಿನಲ್ಲೇ ಇರುವುದರಿಂದ ತೊಡಕಾದವರು, ತಮ್ಮ ಯಂತ್ರದ ಮಾದರಿ ಮತ್ತು ತಂತ್ರಾಂಶದ ಆವೃತ್ತಿಯನ್ನು ಸಂಘಕ್ಕೆ ಬರೆದು ತಿಳಿಸಿ. ಪಾಸ್‌ವರ್ಡ್ ಬರೆಯಬೇಡಿ. ಸಂಬಂಧಿಸಿದ ಪುಟವನ್ನು ಕನ್ನಡದಲ್ಲಿ ತಿಳಿಸಿಕೊಡುವ ವ್ಯವಸ್ಥೆ ಮಾಡುತ್ತೇವೆ.

ಸಂಘದ ಪರವಾಗಿ,
ಕಾರ್ಯದರ್ಶಿ